ಸೋಯಾ ಊಟ ಬೇರೆ, ಸೋಯಾ ಮಾತ್ರೆ ಬೇರೆ

ಸೋಯಾ ಮಾತ್ರೆಗಳು ಸ್ತನ ಕ್ಯಾನ್ಸರ್ ತಡೆಯಬಲ್ಲವು ಎಂದು ಲೇಖನವೊಂದು ಹೇಳಿದೆ. ಲೇಖಕರ ಆ ಮಾತಿಗೆ ಚೀನಾ, ಜಪಾನಿನ ಮಹಿಳೆಯರ ಆಹಾರಪದ್ಧತಿಯೊಂದೇ ಆಧಾರವಾಗಿರುವುದು ಸಾಲದು ಎಂಬುದು ನನ್ನ ಅಭಿಪ್ರಾಯ. ಮಾತ್ರೆಯನ್ನೇ ನೇರವಾಗಿ ಒರೆಗೆ ಹಚ್ಚಿದ ಪ್ರಯೋಗವೊಂದು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡಾ. ಸೀಮಾ ಖಾನ್ ಅವರ ನೇತೃತ್ವದಲ್ಲಿ ನಡೆದು, 2012ರಲ್ಲಿ ಪ್ರಕಟವಾಗಿದೆ. ರೋಗದ ಅಪಾಯ ಹೆಚ್ಚಿದ್ದ ಮಹಿಳೆಯರಲ್ಲಿ ಕೆಲವರಿಗೆ ಐಸೊಫ್ಲೇವೋನ್ (ಸೋಯಾದಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ) ಇರುವ ಸೋಯಾ ಮಾತ್ರೆಯನ್ನೂ ಉಳಿದವರಿಗೆ ಔಷಧಾಂಶವಿಲ್ಲದ ಹುಸಿಮಾತ್ರೆಯನ್ನೂ ಆರು ತಿಂಗಳು ಕೊಟ್ಟು, ಮೊದಲಿಗೆ ಮತ್ತು ಕೊನೆಗೆ ಸೂಜಿಯಿಂದ ಸ್ತನದ ಜೀವಕೋಶಗಳನ್ನು ತೆಗೆದು, ಅವು ಎಷ್ಟು ಚುರುಕಾಗಿ ವಿಭಜನೆಗೊಳ್ಳುತ್ತಿವೆ ಎಂಬುದನ್ನು ಕೆಐ-67 ಎಂಬ ಪ್ರೋಟೀನಿನ ಮೂಲಕ ಅಳೆಯಲಾಯಿತು. ಅಳತೆಗೆ ದೊರೆತ 98 ಮಂದಿಯಲ್ಲಿ ಒಟ್ಟಾರೆ ವಿಭಜನೆ ತಗ್ಗಲಿಲ್ಲ. ಅದಕ್ಕಿಂತ ಯೋಚಿಸಬೇಕಾದ ಸಂಗತಿಯೆಂದರೆ, ಇನ್ನೂ ಮುಟ್ಟು ನಿಲ್ಲದಿದ್ದು ಸೋಯಾ ಮಾತ್ರೆ ನುಂಗಿದವರಲ್ಲಿ ಅದು ತುಸು ಏರಿತ್ತು.

ಪ್ರಯೋಗ ಚಿಕ್ಕದು, ಯಾರಿಗೆ ಕ್ಯಾನ್ಸರ್ ಬಂತು ಎಂದು ವರ್ಷಗಟ್ಟಲೆ ಕಾದು ನೋಡಿದ್ದೂ ಅಲ್ಲ. ಆದ್ದರಿಂದ ಮಾತ್ರೆಯಿಂದ ಹಾನಿಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಐಸೊಫ್ಲೇವೋನ್‌ಗಳ ರಚನೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಹೋಲುವುದರಿಂದ, ದೇಹದಲ್ಲಿ ಆ ಹಾರ್ಮೋನು ಎಷ್ಟಿದೆ ಎಂಬುದರ ಮೇಲೆ ಅವುಗಳ ಪರಿಣಾಮವೂ ಬದಲಾಗಬಹುದು. ಚೀನಾದ ಶಾಂಘೈ ನಗರದ ಮಹಿಳೆಯರ ಆಹಾರವನ್ನು ಗಮನಿಸಿದ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನ ವಿಷಯದಲ್ಲಿ ಕಂಡ ಲಾಭವಾದರೋ ಹದಿಹರೆಯದಿಂದಲೇ ಸೋಯಾ ಆಹಾರವನ್ನು ಊಟದಲ್ಲಿ ಉಂಡು ಬೆಳೆದವರದ್ದು. ನಲವತ್ತರ ನಂತರ ಔಷಧದಂಗಡಿಯ ಡಬ್ಬಿಯಿಂದ (ಅದೂ ವೈದ್ಯರನ್ನು ಕೇಳದೆ) ಸಾಂದ್ರೀಕರಿಸಿದ ಐಸೊಫ್ಲೇವೋನ್ ನುಂಗುವವರಿಗೆ ಆ ಫಲಿತಾಂಶವನ್ನು ಅನ್ವಯಿಸುವುದು ಹೇಗೆ ಎಂಬುದನ್ನು ಲೇಖಕರು ವಿವರಿಸಬೇಕಿತ್ತು.