ಮೀನಿನ ಹೊಟ್ಟೆಯಲ್ಲಿ ಜಿಪಿಎಸ್ ಇದೆಯಾ? ಸತ್ಯಾಂಶ ಇಲ್ಲಿದೆ

‘ನದಿ ಮೀನುಗಳಿಗೆ ಜಿಪಿಎಸ್ ಚಿಪ್ ಹಾಕಿ ಸ್ಯಾಟಲೈಟ್‌ನಿಂದ ಲೈವ್ ನೋಡುತ್ತಿದ್ದಾರೆ, ತಿಂದರೆ ನಿಮ್ಮನ್ನೂ ಹಿಂಬಾಲಿಸುತ್ತಾರೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಕೆಲವು ಮೀನುಗಳಿಗೆ ಚಿಪ್ ಹಾಕುವುದು ನಿಜ. ಉಳಿದದ್ದು ಸುಮ್ನೆ ಕಥೆ.

ಜಿಪಿಎಸ್ ಸಿಗ್ನಲ್ ನೀರಿನೊಳಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಅಡಗಿಹೋಗುತ್ತದೆ. ಮೀನುಗಳಿಗೆ ಹಾಕುವ ಚಿಪ್‌ಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಪಿಟ್ ಟ್ಯಾಗ್, ಅಂದರೆ ಒಂದು ಗುರುತಿನ ನಂಬರ್ ಇರುವ ಚಿಪ್. ಸಾಮಾನ್ಯವಾಗಿ 12 ಮಿಲಿಮೀಟರ್ ಉದ್ದದ ಪುಟ್ಟ ಗಾಜಿನ ಕೊಳವೆ. ಅದರಲ್ಲಿ ಬ್ಯಾಟರಿಯೇ ಇಲ್ಲ! ಮೀನು ಆಂಟೆನಾದ ತೀರಾ ಹತ್ತಿರ ಹಾದುಹೋದಾಗ ಮಾತ್ರ ಅದು ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಸಾಕುನಾಯಿಗೆ ಹಾಕುವ ಚಿಪ್ ಕೂಡ ಇದೇ ಜಾತಿಯದು.

ದೂರದಿಂದ ಹುಡುಕಲು ಬ್ಯಾಟರಿ ಇರುವ ಟ್ಯಾಗ್ ಬೇಕು. ರೇಡಿಯೊ ಟ್ಯಾಗ್ ಉಪ್ಪುನೀರಿನಲ್ಲಿ ಕೆಲಸಕ್ಕೆ ಬಾರದು. ಆಳ ಕಡಿಮೆಯಿರುವ ಸಿಹಿನೀರಿನಲ್ಲಾದರೆ ದಡದಲ್ಲಿ ಆಂಟೆನಾ ಹಿಡಿದು ನಡೆಯುವವರಿಗೆ ಸಿಗ್ನಲ್ ಸಿಗುತ್ತದೆ. ಆಳದ ಸರೋವರಕ್ಕೆ ಶಬ್ದ ಹೊರಡಿಸುವ ಟ್ಯಾಗೇ ವಾಸಿ. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ನೀರೊಳಗಿನ ಮೈಕ್ ಹಿಡಿದಿಡುತ್ತದೆ. ಎಷ್ಟೋ ಕಡೆ ಆ ಯಂತ್ರವನ್ನು ನೀರಿನಿಂದ ಎತ್ತಿಯೇ ಮಾಹಿತಿ ತೆಗೆಯಬೇಕು. ಇದರಲ್ಲಿ ‘ಲೈವ್’ ಎಲ್ಲಿಂದ ಬಂತು, ಅಲ್ವಾ?

ಇನ್ನು ತಿಂದವರ ಹಿಂಬಾಲಿಕೆ. ಟ್ಯಾಗ್ ಬಹುತೇಕ ಇರುವುದು ಹೊಟ್ಟೆಯ ಪೊಳ್ಳಿನಲ್ಲಿ. ಮೀನು ಶುಚಿ ಮಾಡುವಾಗ ಕರುಳಿನ ಜೊತೆ ಅದೂ ಹೊರಬರುತ್ತದೆ.