ಒಂದು ರೊಟ್ಟಿಗೆ ಮೂರು

ಕಳೆದ ಶ್ರಾವಣದ ಒಂದು ಸೋಮವಾರ. ಹನ್ನೊಂದೂವರೆ ಆಗಿತ್ತು. ಅಣ್ಣಿಗೇರಿ ಹತ್ತಿರದ ನಮ್ಮೂರಿಂದ ಪಕ್ಕದ ಮನೆ ಹುಡುಗಿ ಫೋನ್ ಮಾಡಿದಳು. "ಅಕ್ಕಾರ, ಅವ್ವಾರು ಹೆಂಗೆಂಗೋ ಮಾತಾಡಾಕತ್ತಾರ. ಮೈಯೆಲ್ಲಾ ಬೆವತೈತಿ."

ನಾನು ಹುಬ್ಬಳ್ಳಿಯಲ್ಲಿ. ತಮ್ಮ ಹೊಲದಿಂದ ಓಡಿ ಬಂದು ಶುಗರ್ ನೋಡಿದ. 46, ಬಹಳ ಕಡಿಮೆ. ಪುಣ್ಯಕ್ಕೆ ಅವ್ವನಿಗೆ ನುಂಗುವಷ್ಟು ಎಚ್ಚರ ಇತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದ. ಹದಿನೈದು ನಿಮಿಷ ಬಿಟ್ಟು ನೋಡಿದರೆ 63. ಮತ್ತೆ ಅಷ್ಟೇ ಕುಡಿಸಿದ. 88ಕ್ಕೆ ಬಂದ ಮೇಲೆ ರೊಟ್ಟಿ, ಹೆಸರುಕಾಳು ಪಲ್ಯ ತಿನ್ನಿಸಿದರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಒಯ್ಯಬೇಕು. ಅದೂ ಆಮೇಲೆ ಗೊತ್ತಾಗಿದ್ದು.

ಬೆಳಿಗ್ಗೆ ಎಂಟಕ್ಕೆ ಅವ್ವ 30 ಯೂನಿಟ್ ಇನ್ಸುಲಿನ್ ತಗೊಂಡಿದ್ದಳು. ಉಪವಾಸ ಅಂತ ಏನೂ ತಿಂದಿರಲಿಲ್ಲ.

ಸಂಜೆ ಬಸ್ ಹಿಡಿದು ಊರಿಗೆ ಹೋದೆ. ಹೋದವಳೇ ಬೈದೆ. ಅವ್ವ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಯವ್ವಾ, ಸೂಜಿ ಒಂದಿನಾನೂ ತಪ್ಪಿಸಬ್ಯಾಡ ಅಂದಾರ ಡಾಕ್ಟ್ರು. ನಾ ತಪ್ಪಿಸಿಲ್ಲ. ಮತ್ತ ನಾ ಏನ್ ತಪ್ಪ ಮಾಡೀನಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ್ ಚೀಟಿ ತೆಗೆದು ನೋಡಿದೆ. 30-0-20, ಅಂದರೆ ಬೆಳಿಗ್ಗೆ 30, ಮಧ್ಯಾಹ್ನ ಇಲ್ಲ, ರಾತ್ರಿ 20, ಊಟಕ್ಕೆ ಮೊದಲು. ಅಷ್ಟೇ. ಊಟ ಮಾಡದಿದ್ದರೆ ಏನು? ಅರ್ಧ ಊಟ ಮಾಡಿದರೆ ಏನು? ಒಂದಕ್ಷರ ಇಲ್ಲ. ಸಿಹಿ ಬಿಡು, ಅನ್ನ ಕಮ್ಮಿ ಮಾಡು ಅಂದಿದ್ದರಂತೆ. ಆರು ವರ್ಷದಲ್ಲಿ ಒಬ್ಬರಾದರೂ "ಅವ್ವಾರ, ಹೊತ್ತಿಗೆ ಎಷ್ಟು ರೊಟ್ಟಿ ಉಣ್ತೀರಿ?" ಅಂತ ಕೇಳಿಲ್ಲ. ನನ್ನ ಸಿಟ್ಟು ಇದರ ಮೇಲೆ.

ಅವ್ವ ತಗೊಳ್ತಿದ್ದದ್ದು 30/70 ಮಿಕ್ಸ್. ಅದರಲ್ಲಿ 30 ಭಾಗ ಬೇಗ ಕೆಲಸ ಮಾಡುವ ಇನ್ಸುಲಿನ್, 70 ಭಾಗ ನಿಧಾನದ್ದು. ಬೆಳಿಗ್ಗೆ ಒಮ್ಮೆ ಚುಚ್ಚಿಕೊಂಡರೆ ನಾಷ್ಟಾಕ್ಕೂ ಅದೇ, ಮಧ್ಯಾಹ್ನದ ಊಟಕ್ಕೂ ಅದೇ. ಅಂದರೆ ಎಂಟು ಗಂಟೆಗೇ ಮಧ್ಯಾಹ್ನದ ಊಟ ಎಷ್ಟು ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ. ಆ ಇನ್ಸುಲಿನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಲೆ ಕಡಿಮೆ, ದಿನಕ್ಕೆ ಎರಡೇ ಸೂಜಿ, ಎಷ್ಟೋ ಜನರಿಗೆ ಅದೇ ಸರಿ ಹೊಂದುತ್ತದೆ. ಆದರೆ ಅದನ್ನು ತಗೊಳ್ಳುವವರು ದಿನಾ ಹೆಚ್ಚು ಕಡಿಮೆ ಅಷ್ಟೇ, ಅದೇ ಹೊತ್ತಿಗೆ ಉಣ್ಣಬೇಕು. ಉಪವಾಸ, ಮದುವೆ ಊಟ, ಕಳೆ ತೆಗೆಯುವ ದಿನದ ತಡ ಊಟ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ ಡೋಸ್ ಬದಲಿಸಬೇಕು. ಇದನ್ನು ಅವ್ವನಿಗೆ ಹೇಳಲು ಎರಡು ನಿಮಿಷ ಸಾಕಿತ್ತು, ಅಲ್ವಾ?

ಆ ವಾರ ದುರ್ಗದಬೈಲಿಗೆ ಹೋಗಿ ಅಡುಗೆ ಮನೆಯ ಸಣ್ಣ ತಕ್ಕಡಿ ತಂದೆ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಹಿಟ್ಟು ತೂಗಿದೆ. ಒಂದು ರೊಟ್ಟಿಗೆ 60 ಗ್ರಾಂ ಜೋಳದ ಹಿಟ್ಟು. ನಮ್ಮ ಮನೆಗೆ ತರಿಸುವ ಖಡಕ್ ರೊಟ್ಟಿ ತೂಗಿದರೆ ಅದರ ಅರ್ಧದಷ್ಟೂ ಇಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಅಂಶ, ಇರುತ್ತದೆ. ಲೆಕ್ಕ ಹಾಕಿದರೆ ಅವ್ವನ ಒಂದು ರೊಟ್ಟಿಯಲ್ಲಿ 40 ಗ್ರಾಂ ಮೇಲೆ. ಪಥ್ಯದ ಹಾಳೆಯಲ್ಲಿ ಎರಡು ರೊಟ್ಟಿ ಅಂತ ಬರೆದರೆ ಯಾರ ಮನೆಯ ರೊಟ್ಟಿ? ಒಬ್ಬರಿಗೆ 40 ಗ್ರಾಂ ಆದರೆ ಇನ್ನೊಬ್ಬರಿಗೆ 80 ಗ್ರಾಂ ಆಗುತ್ತದೆ.

ಇನ್ನೊಂದು ಮಾತು. ಜೋಳದ ರೊಟ್ಟಿ ಶುಗರ್‌ಗೆ ಒಳ್ಳೆಯದು, ಎಷ್ಟಾದರೂ ಉಣ್ಣಬಹುದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ರೊಟ್ಟಿ ಒಳ್ಳೆಯದೇ. ಆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬೆಲ್ಲವೂ ಅಷ್ಟೇ, ಸಕ್ಕರೆಯ ಬದಲು ಬೆಲ್ಲ ಹಾಕಿದರೆ ರಕ್ತದಲ್ಲಿ ಏರುವುದು ತಪ್ಪುವುದಿಲ್ಲ.

ಎರಡು ವಾರ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಊಟಕ್ಕೆ ಮೊದಲು ಎಷ್ಟು, ಎರಡು ತಾಸಿನ ಮೇಲೆ ಎಷ್ಟು, ಏನು ತಿಂದಳು. ಸುಸಲಾ (ಮಂಡಕ್ಕಿ ಒಗ್ಗರಣೆ) ತಿಂದ ಬೆಳಿಗ್ಗೆ ಸರಕ್ಕನೆ ಏರಿತ್ತು. ರೊಟ್ಟಿ ಜೊತೆ ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು ಇದ್ದ ದಿನ ಅಷ್ಟು ಏರಿರಲಿಲ್ಲ. ಶೇಂಗಾ ಹೋಳಿಗೆಯ ದಿನ ಎರಡು ತಾಸಿಗೆ ಚೆನ್ನಾಗಿಯೇ ಇತ್ತು, ನಾಲ್ಕು ತಾಸಿಗೆ ಏರಿತ್ತು. ಎಣ್ಣೆಯಂಶ ಜಾಸ್ತಿ ಇದ್ದರೆ ಊಟ ನಿಧಾನ ಕರಗುತ್ತದೆ, ಶುಗರ್ ತಡವಾಗಿ ಏರುತ್ತದೆ. ಶುಗರ್ ಬಿದ್ದಾಗ ಪೇಡಾ ಕೊಡುವುದಕ್ಕಿಂತ ಸಕ್ಕರೆ ನೀರು ಮೇಲು ಅನ್ನುವುದೂ ಇದಕ್ಕೇ. ಪೇಡಾದಲ್ಲಿ ಹಾಲಿನ ಜಿಡ್ಡಿದೆ.

ಆ ನೋಟ್‌ಬುಕ್ ಹಿಡಿದು ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಪ್ರತಿ ಪುಟ ತಿರುವಿದರು. ಮಿಕ್ಸ್ ನಿಲ್ಲಿಸಿ ಎರಡು ಇನ್ಸುಲಿನ್ ಪೆನ್ ಕೊಟ್ಟರು. ಒಂದು ದಿನವಿಡೀ ಕೆಲಸ ಮಾಡುವಂಥದ್ದು, ರಾತ್ರಿ ಒಂದೇ ಸಲ. ಇನ್ನೊಂದು ಬೇಗ ಕೆಲಸ ಮಾಡುವಂಥದ್ದು, ಪ್ರತಿ ಊಟಕ್ಕೆ ಸ್ವಲ್ಪ ಮುಂಚೆ. ಒಟ್ಟು ಡೋಸ್ 40ಕ್ಕೆ ಇಳಿಸಿದರು. ಆಮೇಲೆ ಲೆಕ್ಕ ಹೇಳಿಕೊಟ್ಟರು. 500 ಅನ್ನು ದಿನದ ಒಟ್ಟು ಡೋಸ್‌ನಿಂದ ಭಾಗಿಸಿ. 500ನ್ನು 40ರಿಂದ ಭಾಗಿಸಿದರೆ ಹನ್ನೆರಡೂವರೆ. ಒಂದು ಯೂನಿಟ್ ಸುಮಾರು ಹನ್ನೆರಡು ಗ್ರಾಂ ಕಾರ್ಬೋಹೈಡ್ರೇಟ್ ನೋಡಿಕೊಳ್ಳುತ್ತದೆ. ಇದು ಶುರು ಮಾಡಲು ಅಂದಾಜು ಮಾತ್ರ, ಮುಂದೆ ಮೀಟರ್ ನೋಡಿ ತಿದ್ದಬೇಕು ಅಂದರು. ಹೊರಗೆ ಬಂದ ಮೇಲೆ ಅವ್ವ ಬೆರಳು ಮಡಚಿ ಎಣಿಸಿದಳು. "ಅಂದ್ರ ಒಂದ್ ರೊಟ್ಟಿಗೆ ಮೂರು." ಶಾಲೆಗೆ ಹೋದವಳಲ್ಲ ಅವ್ವ. ಸಂತೆಯ ಲೆಕ್ಕ ಯಾವತ್ತೂ ತಪ್ಪಿದವಳೂ ಅಲ್ಲ. ಹಳ್ಳಿ ಮಂದಿಗೆ ಇದೆಲ್ಲಾ ತಿಳಿಯುವುದಿಲ್ಲ ಅನ್ನುವವರು ಒಮ್ಮೆ ಹೇಳಿಕೊಟ್ಟು ನೋಡಲಿ.

ಪೆನ್ ಬರುವ ಮೊದಲು ಅವ್ವ ಬಾಟಲಿಯಿಂದ ಎಳೆದುಕೊಳ್ಳುತ್ತಿದ್ದಳು. ಹಾಗೆ ಮಾಡುವವರು ದಯವಿಟ್ಟು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ಕೆಂಪು ಇದ್ದರೆ 40ರ ಬಾಟಲಿಗೆ (ಒಂದು ಎಂಎಲ್‌ಗೆ 40 ಯೂನಿಟ್), ಕಿತ್ತಳೆ ಇದ್ದರೆ 100ರ ಬಾಟಲಿಗೆ (ಒಂದು ಎಂಎಲ್‌ಗೆ 100 ಯೂನಿಟ್). 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆತನಕ ಎಳೆದರೆ ಮೈಗೆ ಹೋಗುವುದು 25 ಯೂನಿಟ್.

ಈಗಲೂ ಸೋಮವಾರ ಅವ್ವ ಒಪ್ಪತ್ತು ಮಾಡುತ್ತಾಳೆ. ಡಾಕ್ಟರನ್ನು ಕೇಳಿಯೇ ಮಾಡುತ್ತಾಳೆ. ರಾತ್ರಿಯ ಇನ್ಸುಲಿನ್ ಅವರು ಹೇಳಿದಷ್ಟು. ಉಣ್ಣದ ಹೊತ್ತಿಗೆ ಊಟದ ಸೂಜಿ ಇಲ್ಲ. ಒಮ್ಮೆ ಮಾತ್ರ, ಎರಡು ತಾಸಿಗೆ ಶುಗರ್ ಏರಿದ್ದು ನೋಡಿ ಹೆದರಿ ಇನ್ನೂ ನಾಲ್ಕು ಯೂನಿಟ್ ಹಾಕಿಕೊಂಡುಬಿಟ್ಟಳು. ಮೊದಲಿನದು ಇನ್ನೂ ಮೈಯಲ್ಲಿತ್ತು. ಸಂಜೆ 58ಕ್ಕೆ ಇಳಿಯಿತು. ಊಟಕ್ಕೆ ಹಾಕಿದ ಇನ್ಸುಲಿನ್ ಮುಗಿಯಲು ಮೂರು ನಾಲ್ಕು ತಾಸು ಬೇಕು ಅನ್ನುವುದು ಆವತ್ತು ಕಲಿತೆವು. ಅದಕ್ಕೇ ಹೇಳುತ್ತೇನೆ, ನಮ್ಮ ಅವ್ವನ ಅಂಕಿ ನೋಡಿ ನೀವು ಹಾಕಿಕೊಳ್ಳಬೇಡಿ. ನಿಮ್ಮ ನೋಟ್‌ಬುಕ್ ಒಯ್ದು ನಿಮ್ಮ ಡಾಕ್ಟರನ್ನು ಕೇಳಿ.

1922ರಲ್ಲಿ ಟೊರಾಂಟೋದಲ್ಲಿ ಶುಗರ್ ಇದ್ದ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕಿಂತ ಮುಂಚೆ ಅಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಇನ್ನಷ್ಟು ದಿನ ಬದುಕಿಸುವುದೇ ಚಿಕಿತ್ಸೆಯಾಗಿತ್ತು. ಇನ್ಸುಲಿನ್ ಬಂದ ಮೇಲೆ ಆ ಮಕ್ಕಳು ಹೊಟ್ಟೆ ತುಂಬ ಉಂಡರು. ನಮ್ಮ ಅವ್ವಂದಿರು ಮಾತ್ರ ಇವತ್ತಿಗೂ ತಾಟಿನ ಮುಂದೆ ತಪ್ಪು ಮಾಡಿದವರ ಹಾಗೆ ಕೂರುತ್ತಾರೆ. ನನಗೆ ತುಂಬಾ ನೋವಾಗುವುದು ಅಲ್ಲಿ.

ನನ್ನ ಹತ್ತಿರ ಈಗ ಒಂದು ಪಟ್ಟಿ ಇದೆ. ಅವ್ವನ ರೊಟ್ಟಿ, ನುಚ್ಚು, ಸುಸಲಾ, ಒಂದು ಸೌಟು ಅನ್ನ, ಎಲ್ಲ ತೂಗಿ ಬರೆದದ್ದು. ಸಜ್ಜಿ ರೊಟ್ಟಿ, ಗಿರ್ಮಿಟ್, ಗೋದಿ ಹುಗ್ಗಿ ಇನ್ನೂ ತೂಗಿಲ್ಲ. ಗದಗ, ಹಾವೇರಿ ಕಡೆ ನಿಮ್ಮ ಮನೆಯ ರೊಟ್ಟಿಗೆ ಎಷ್ಟು ಹಿಟ್ಟು ಹಿಡಿಯುತ್ತದೆ, ತೂಗಿ ಹೇಳಿ. ಸೇರಿಸಿಕೊಳ್ಳುತ್ತೇನೆ.