ಉಪ್ಪುನೀರಿಗೊಂದು ಹಿಡಿ ಉಪ್ಪು

ಹೊಸ ಅಕ್ವೇರಿಯಮ್ಮಿನ ನೀಲಿ ಟ್ಯಾಂಗ್ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಮೇಲಿನ ಮನೆ ರಾಯರು ಗಾಜಿಗೆ ಮೂಗು ತಾಗಿಸಿ ನೋಡಿ, "ಏನಿಲ್ಲ ಬಿಡ್ರೀ, ಒಂದು ಹಿಡಿ ಉಪ್ಪು ಹಾಕಿ" ಎಂದರು.

"ರಾಯರೇ, ಇದು ಸಮುದ್ರದ ಮೀನು. ನೀರೇ ಉಪ್ಪು."

"ಸಾಲ್ತಿಲ್ಲ ಅಂತಾಯ್ತಲ್ಲ!"

ಅವರ ಗೋಲ್ಡ್‌ಫಿಶ್ಶಿನ ಚುಕ್ಕೆ ಉಪ್ಪಿನಿಂದಲೇ ಹೋಗಿತ್ತಂತೆ. ಹೋಗಿರಬಹುದು, ಸಿಹಿನೀರಿನ ಪರಾವಲಂಬಿಯೇ ಬೇರೆ. ನಮ್ಮ ಮನೆಗೆ ಬಂದಿದ್ದು ಕ್ರಿಪ್ಟೋಕ್ಯಾರಿಯಾನ್ ಎಂಬ ಸಮುದ್ರದ ಪರಾವಲಂಬಿ. ಉಪ್ಪಿನಲ್ಲೇ ಹುಟ್ಟಿ ಉಪ್ಪಿನಲ್ಲೇ ಸಂಸಾರ ಮಾಡುವ ಆಸಾಮಿ.

ಮರುದಿನ ಬೆಳ್ಳುಳ್ಳಿ ರಸದ ಸಲಹೆ ಬಂತು. ತಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಸೇರಿಸದ ರಾಯರು ನನ್ನ ಮೀನಿಗೆ ಮಾತ್ರ ಧಾರಾಳವಾಗಿ ಬರೆದುಕೊಟ್ಟರು. ಕೆಲವೇ ದಿನಕ್ಕೆ ಚುಕ್ಕೆ ಮಾಯ! ಲಿಫ್ಟಿನಲ್ಲಿ ಸಿಕ್ಕ ಸೆಕ್ಯೂರಿಟಿಯವನೂ "ಬೆಳ್ಳುಳ್ಳಿ ಕೆಲಸ ಮಾಡ್ತಂತಲ್ಲ ಸಾರ್" ಎಂದ. ಈ ಜೀವಿ ಮೂರರಿಂದ ಏಳು ದಿನ ಮೀನನ್ನು ತಿಂದು ತಾನಾಗಿಯೇ ಕಳಚಿಕೊಳ್ಳುತ್ತದೆ, ಮರಳಿನಲ್ಲಿ ಗೂಡು ಕಟ್ಟಿ ನೂರಾರು ಮರಿ ಬಿಡುತ್ತದೆ ಎಂದು ಯಾರಿಗೆ ಹೇಳುವುದು? ಲಿಫ್ಟು ನಿಲ್ಲುವಷ್ಟರಲ್ಲಿ ಮುಗಿಯುವ ಕಥೆಯಲ್ಲ ಅದು.

ಮರಿಗಳು ಬಂದವು. ಈ ಸಲ ಕ್ಲೌನ್‌ಫಿಶ್ಶಿಗೂ ಚುಕ್ಕೆ. ರಾಯರು ಅಲುಗಲಿಲ್ಲ. "ಹೈಬ್ರಿಡ್ ಬೆಳ್ಳುಳ್ಳಿ ಹಾಕಿರ್ತೀರಿ. ಜವಾರಿ ಹಾಕ್ಬೇಕಿತ್ತು."

ತಾಮ್ರದ ಔಷಧಿಯಾಗಲಿ, ಉಪ್ಪು ಇಳಿಸುವುದಾಗಲಿ, ದೊಡ್ಡ ತೊಟ್ಟಿಯಲ್ಲಿ ಮಾಡಿದರೆ ಸಿಗಡಿ, ಹವಳಗಳ ಕಥೆ ಮುಗಿಯಿತು. ಹಾಗಾಗಿ ಮೀನುಗಳು ವಾಷಿಂಗ್ ಮೆಷಿನ್ ಪಕ್ಕದ ಪ್ಲಾಸ್ಟಿಕ್ ಟಬ್ಬಿಗೆ ಹೋದವು. ತೊಟ್ಟಿಯಲ್ಲುಳಿದ ಪರಾವಲಂಬಿ ಉಪವಾಸ ಬಿದ್ದು ಸಾಯಲಿ ಎಂದು ಅದನ್ನು 76 ದಿನ ಮೀನಿಲ್ಲದೆ ಬಿಡಬೇಕಂತೆ. ಪಂಪು, ಹೀಟರು, ಲೈಟು ಎಲ್ಲ ಓಡುತ್ತಿವೆ, ಕರೆಂಟ್ ಮೀಟರೂ. ಮನೆಗೆ ಬಂದವರು "ಮೀನೆಲ್ಲಿ?" ಎಂದರೆ ಹೆಂಡತಿ "ಕಲ್ಲು ಚೆನ್ನಾಗಿದೆ ನೋಡಿ" ಅನ್ನುತ್ತಾಳೆ.

ಹವಳದ ಕೊಂಬೆಗಳ ಸಂದಿಯಲ್ಲಿ ಮಲಗಬೇಕಾದ ಟ್ಯಾಂಗು ಈಗ ಪಿವಿಸಿ ಪೈಪಿನ ತುಂಡಿನೊಳಗೆ ತೂರಿಕೊಳ್ಳುತ್ತದೆ. ಊಟದ ಹೊತ್ತಿಗೆ ಮುಖವಷ್ಟೇ ಆಚೆ. ಯಾವ ಸಮುದ್ರದಿಂದ ಹಿಡಿದು ತಂದರೋ, ನಮ್ಮ ಯುಟಿಲಿಟಿಗೆ ಬಂತು ಪಾಪ.

ನಿನ್ನೆ ರಾಯರಿಗೆ ಹೇಳಿಯೇಬಿಟ್ಟೆ, "ಟಬ್ಬಿನ ಸಾಂದ್ರತೆ 1.025ರಿಂದ 1.009ಕ್ಕೆ ಇಳಿಸಿದೀನಿ. ಉಪ್ಪು ಕಮ್ಮಿ ಮಾಡೋದೇ ಚಿಕಿತ್ಸೆ."

ರಾಯರು ನನ್ನತ್ತ ನೋಡಲೇ ಇಲ್ಲ. ಟಬ್ಬಿಗೆ ಬಗ್ಗಿ ಮೀನಿಗೇ ಹೇಳಿದರು, "ಬಿಪಿ ಅಂತ ನಂಗೂ ಡಾಕ್ಟರು ಇದನ್ನೇ ಹೇಳಿದಾರೆ ಕಣೋ. ಉಪ್ಪಿನಕಾಯಿ ಮಾತ್ರ ಬಿಡಬೇಡ."